ಹಿಟ್ಟಿನ ಕೈ

ನಮ್ಮ ಚಿಯತೂರದಲ್ಲಿ ಎಲ್ಲವೂ ಕಪ್ಪು.
ಗಣಿಯ ದೂಳು ಕಿಟಕಿಯ ಸಂದಿಗೆ, ಹೊಳೆಗೆ,
ಒಗೆದು ಹರವಿದ ಬಟ್ಟೆಗೆ, ಅಪ್ಪನ ಕೆಮ್ಮಿಗೆ.
ಇಂಥ ಊರಲ್ಲಿ ನಾನೊಬ್ಬ
ಬೆಳ್ಳಗಾಗುತ್ತ ಹೋದೆ.
ಮೊದಲು ತುಟಿಯಂಚು, ಆಮೇಲೆ ಕಣ್ಣ ಸುತ್ತ,
ಹೋದ ಚಳಿಗಾಲ ಎರಡೂ ಮುಂಗೈ.

ರೆವಾಜ್ ನನ್ನ ಕಂಡರೆ 'ಅಂಬಾ' ಅನ್ನುತ್ತಾನೆ.
ಅವನ ಹಿಂದೆ ಇಡೀ ತರಗತಿ ಕೊಟ್ಟಿಗೆಯಾಗುತ್ತದೆ.
ಒಂದು ದಿನ ಬೂಟಿನ ಪಾಲಿಶ್ ತಂದಿದ್ದ.
ಇಬ್ಬರು ಹಿಡಿದರು, ಅವನು ಬಳಿದ,
ನಿಧಾನವಾಗಿ, ಹಬ್ಬಕ್ಕೆ ಬಾಗಿಲಿಗೆ ಬಣ್ಣ ಹಚ್ಚುವವನ ಶ್ರದ್ಧೆಯಲ್ಲಿ.
'ಈಗ ನೀನು ಈ ಊರಿನವನಾದೆ' ಅಂದ.

ಶಾಲ್ವಾನ ರೊಟ್ಟಿಯಂಗಡಿ ಸೇತುವೆಯಾಚೆ.
ಅವತ್ತು ಅವನು ಏನೂ ಕೇಳಲಿಲ್ಲ.
ಬಿಸಿನೀರು ಕೊಟ್ಟ, ಸೋಪು ಕೊಟ್ಟ,
ನಾದುತ್ತಿದ್ದ ಹಿಟ್ಟಿನಿಂದ ಕೈಯೆತ್ತಿ ನನ್ನ ಕೈ ಪಕ್ಕ ಇಟ್ಟು
'ನೋಡು ಬೆಸೀಕ್, ಯಾವುದು ನಿಂದು, ಯಾವುದು ನಂದು?'
ದೋಣಿಯಂಥ ಉದ್ದ ರೊಟ್ಟಿ, ಕೈ ಸುಡುವಂಥದು, ಒಂದು ಕೊಟ್ಟ.
ಲೆಕ್ಕದ ಪುಸ್ತಕದಲ್ಲಿ ಬರೆಯಲಿಲ್ಲ.
ಅಲ್ಲಿಂದೀಚೆಗೆ ಯಾವತ್ತೂ ಬರೆದಿಲ್ಲ.

ಮಂಗಳವಾರ ಸಂಜೆ ಕರೆಂಟು ಹೋಯಿತು.
ಹಳೆಯ ಕೇಬಲ್ ಕಾರು ಕಣಿವೆಯ ನಡುಮಧ್ಯೆ ನಿಂತಿತು,
ಒಳಗೆ ನಾನೊಬ್ಬನೇ,
ನೆಲದ ತುಕ್ಕಿನ ತೂತಲ್ಲಿ ಗಾಳಿಯ ಸಿಳ್ಳೆ.
ಕೆಳಗೆ ರಸ್ತೆ. ಸೂರ್ಯಕಾಂತಿ ಬೀಜ ಮಾರುವ ಬಾಬಾಲೆ ಅಜ್ಜಿ
ಬುಟ್ಟಿಯೆತ್ತಿಕೊಂಡು ಮನೆಗೆ ಹೊರಟಿದ್ದಳು.
ವ್ಯಾನು ಬಂತು, ಬಿಳಿಯದು.
ಸದ್ದು ನನ್ನ ತನಕ ಬರಲಿಲ್ಲ, ಅಥವಾ ತಡವಾಗಿ ಬಂತು.
ಬುಟ್ಟಿ ಮಾತ್ರ ಉರುಳಿತು, ಬಹಳ ಹೊತ್ತು.
ಒಬ್ಬ ಇಳಿದ,
ಮಂಡಿಯೂರಿದ,
ಅವಳ ತಲೆವಸ್ತ್ರ ಸರಿಮಾಡಿದ.
ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ,
ಮೇಲೆ ನೋಡಲಿಲ್ಲ.
ಮಬ್ಬಿನಲ್ಲೂ ಕಾಣುತ್ತಿತ್ತು,
ಮೊಣಕೈವರೆಗೆ ಬಿಳಿ.

ಬುಧವಾರ ರೆವಾಜನನ್ನು ಹಿಡಿದುಕೊಂಡು ಹೋದರು.
ಅವನ ಬೈಕಿನ ದೀಪ ಒಡೆದಿತ್ತಂತೆ.
ಅದು ಒಡೆದು ತಿಂಗಳಾಯಿತು,
ನನ್ನ ಸೈಕಲ್ಲನ್ನು ಗೋಡೆಗೆ ಅಪ್ಪಚ್ಚಿ ಮಾಡಿದ ದಿನ.
ಅದಕ್ಕೂ ನಾನೇ ಸಾಕ್ಷಿ.

ಮೂರು ದಿನ ಯಾರೂ ಅಂಬಾ ಅನ್ನಲಿಲ್ಲ.
ಮೇಷ್ಟ್ರು ಹಾಜರಿ ಕೂಗಿದಾಗ
ನನಗೂ ಒಂದು ಹೆಸರಿದೆಯೆಂದು ನೆನಪಾಯಿತು.
ಊಟದ ಬಿಡುವಲ್ಲಿ ಅಂಗಳದ ನಡುವೆ ನಿಂತು ಸೇಬು ತಿಂದೆ,
ಪೂರ್ತಿ ಸೇಬು, ಬೀಜದವರೆಗೆ.
ಇಷ್ಟು ಅಗ್ಗವೇ ಸುಖ?
ಸುಮ್ಮನಿದ್ದರೆ ಸಾಕು, ಅದೂ ನಾನು,
ಸುಮ್ಮನಿರುವುದನ್ನು ಇವರ ಕೈಯಲ್ಲೇ ಕಲಿತವನು.

ಠಾಣೆಯ ಮೆಟ್ಟಿಲ ಮೇಲೆ ರೆವಾಜನ ತಾಯಿ
ಮಗನ ಸ್ವೆಟರನ್ನು ಮಡಚುತ್ತಾಳೆ, ಬಿಚ್ಚುತ್ತಾಳೆ, ಮಡಚುತ್ತಾಳೆ.
'ನೀನು ಅವನ ಗೆಳೆಯನಲ್ಲವಾ?'
ತಲೆಯಾಡಿಸಿದೆ.
ಹೌದೆಂದೋ ಅಲ್ಲವೆಂದೋ ನನಗೇ ತಿಳಿಯಲಿಲ್ಲ.

ಬಾಬಾಲೆಯ ಮಣ್ಣಿಗೆ ಬಂದವರಿಗೆಲ್ಲ
ರೊಟ್ಟಿ ಶಾಲ್ವಾನ ಲೆಕ್ಕದಲ್ಲಿ.
ಅದನ್ನೂ ಪುಸ್ತಕದಲ್ಲಿ ಬರೆಯಲಿಲ್ಲವಂತೆ.
ಎಂಥಾ ಮನುಷ್ಯ, ಅಂದಳು ಅಮ್ಮ.
ನಿಜ. ಅದೇ ತೊಂದರೆ.
ಕೆಟ್ಟವನಾಗಿದ್ದರೆ ಎಷ್ಟು ಸಲೀಸಿತ್ತು.

ಇವತ್ತು ಬೆಳಿಗ್ಗೆ ಬೇಗ ಹೋದೆ.
ನಾಣ್ಯ ಎಣಿಸಿ ಕಟ್ಟೆಯ ಮೇಲಿಟ್ಟೆ.
'ಇದೇನು ಹೊಸದು?' ನಕ್ಕ.
'ಮಂಗಳವಾರ ನಾನು ಮೇಲಿದ್ದೆ' ಅಂದೆ.
'ಕರೆಂಟು ಹೋಗಿತ್ತಲ್ಲ, ಆಗ.'

ಅವನು ತಿರುಗಿ ನಲ್ಲಿ ಬಿಟ್ಟು ಕೈ ತೊಳೆದ.
ಹಿಟ್ಟು ಕರಗಿ ಹೋಯಿತು.
ಕೆಳಗೆ ಸಾದಾ ಕೈ, ಕಂದು ಬಣ್ಣ, ಗಂಟು ಬೆರಳು,
ನಡುಗುತ್ತಿದ್ದವು.
ನನ್ನ ಕೈ ಕಟ್ಟೆಯ ಮೇಲೇ ಇತ್ತು,
ಇದ್ದ ಹಾಗೇ.

'ನೀನಾಗೇ ಹೋದರೆ ಜೊತೆಗೆ ಬರುತ್ತೇನೆ,
ಇಲ್ಲದಿದ್ದರೆ
ನಾನೊಬ್ಬನೇ' ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ.
ಅರ್ಧದವರೆಗೆ ಹೇಳಿದೆ.

ಒಲೆಯೊಳಗೆ ಗೋಡೆಗಂಟಿದ ರೊಟ್ಟಿಯೊಂದು ಸೀಯುತ್ತಿತ್ತು.
ಇಬ್ಬರಿಗೂ ವಾಸನೆ ಬಂತು.
ಯಾರೂ ತೆಗೆಯಲಿಲ್ಲ.