ಏಳು ಸೀಟು, ಎಂಟು ಜನ

ಮೊದಲು ಕೂತುಕೊಳ್ಳಿ. ಎಲ್ಲರಿಗೂ ಕುರ್ಚಿಯಿಲ್ಲ,
ಹುಡುಗರು ಕಿಟಕಿಕಟ್ಟೆ ಏರಲಿ.
ಖೊರೋಗಿನಿಂದ ದುಶಾಂಬೆಗೆ, ಬರುವ ತಿಂಗಳು,
ಪರ್ವೋನಾಳ ಮದುವೆಗೆ. ಅಷ್ಟು ತಿಳಿಯಿತು.
ಇನ್ನು ಒಬ್ಬೊಬ್ಬರಾಗಿ ಮಾತಾಡಿ.

ಪಾಸ್‌ಪೋರ್ಟು ಮೇಜಿನ ಮೇಲಿಡಿ, ಬಾಯಲ್ಲಿ ಹೇಳಬೇಡಿ.
ಮನೆಯಲ್ಲಿ ಕೂಗುವ ಹೆಸರು ವಿಮಾನಕ್ಕೆ ಕೇಳಿಸದು.
ಅಜ್ಜಿಯ ಹಳೆಯ ಕಾಗದದಲ್ಲಿ ಹೆಸರಿಗೊಂದು ‘ಓವಾ’ ಬಾಲ,
ಹೊಸದರಲ್ಲಿ ಬಾಲ ಕತ್ತರಿಸಿದ್ದಾರೆ.
ದೇಶ ಮಗ್ಗುಲು ಬದಲಿಸಿದಾಗ ಉದುರಿದ ಎರಡಕ್ಷರ.
ಬಾಗಿಲಲ್ಲಿ ನಿಂತವನು ಚರಿತ್ರೆ ಕೇಳುವುದಿಲ್ಲ,
ಅಕ್ಷರ ಎಣಿಸುತ್ತಾನೆ.

ಮಗುವಿಗೆಷ್ಟು? ಇಪ್ಪತ್ತಮೂರು ತಿಂಗಳೇ?
ಹೋಗುವಾಗ ತಾಯಿಯ ಮಡಿಲೇ ಸೀಟು,
ಬರುವಾಗ ಎರಡು ತುಂಬಿರುತ್ತದೆ,
ದೊಡ್ಡ ಯಜಮಾನನ ಹಾಗೆ ಅವನಿಗೂ ಸ್ವಂತ ಜಾಗ.
ಹಾಗೆ ನೋಡಬೇಡಿ ನಿಸೊರಬೆಗಿಮ್,
ಹುಟ್ಟಿದ ದಿನ ಮುಂದೂಡುವ ಗುಂಡಿ ಈ ಕಂಪ್ಯೂಟರಿನಲ್ಲಿಲ್ಲ.

ಮದುವೆಯ ದಿನವೇ ಇಳಿಯುತ್ತೇವೆ ಅನ್ನಬೇಡಿ.
ನಾಲ್ಕು ದಿನ ಮೊದಲು ಹೊರಡಿ.
ಕಣಿವೆಯಲ್ಲಿ ಮೋಡ ಕೂತರೆ ವಿಮಾನವೂ ಕೂರುತ್ತದೆ;
ಮೋಡಕ್ಕೆ ಆಮಂತ್ರಣ ಪತ್ರ ತೋರಿಸಿ ಪ್ರಯೋಜನವಿಲ್ಲ.
ಇನ್ನೊಂದು ಟಿಕೆಟ್ಟಿದೆ, ಇದಕ್ಕಿಂತ ಅಗ್ಗ,
ಹೋಗದಿದ್ದರೆ ಒಂದು ಸೊಮೊನಿಯೂ ವಾಪಸಿಲ್ಲ.
ಅಗ್ಗವೆಂದು ತಂದದ್ದು ಮುಗ್ಗಲಾಯಿತೆಂದು
ಆಮೇಲೆ ನನ್ನ ಬಾಗಿಲಲ್ಲಿ ಅಳಬೇಡಿ.

ಗಂಟು ಹಗುರವಿರಲಿ. ಅಕ್ರೋಟು ಸರಿ, ಹಿಪ್ಪುನೇರಳೆ ಹಿಟ್ಟು ಸರಿ,
ಅಜ್ಜನ ಸೊಂಟದ ಚಾಕು ಮನೆಯಲ್ಲೇ.
ಚಿಕ್ಕ ವಿಮಾನ, ಗಂಟಿನ ಜೊತೆ ನಿಮ್ಮನ್ನೂ ತೂಗುತ್ತಾರೆ.
ನಾಚಬೇಡಿ, ಸುಳ್ಳೂ ಹೇಳಬೇಡಿ.

ಮತ್ತೆ, ಎಲ್ಲರೂ ಒಂದೇ ನಂಬರಿನಡಿ ಇರಲಿ.
ಬೇರೆ ಬೇರೆ ಕೊಂಡರೆ, ಗಾಳಿ ಕೆಟ್ಟ ದಿನ
ಅರ್ಧ ಸಂಸಾರ ಅಲ್ಲಿ, ಅರ್ಧ ಇಲ್ಲಿ,
ಮಗು ಒಂದೂರು, ಹಾಲಿನ ಬಾಟಲಿ ಇನ್ನೊಂದೂರು.

ಆಗ ಅಜ್ಜಿ ಶಕರ್‌ಮೊ, ಅಷ್ಟು ಹೊತ್ತೂ ಸುಮ್ಮನಿದ್ದವಳು,
ಕೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದಳು:
‘ಎರಡು ವಿಮಾನ ಬರಿ.
ಇದ್ದಬದ್ದ ಬಿತ್ತನೆಯನ್ನೆಲ್ಲ
ಒಂದೇ ಹೊಲಕ್ಕೆ ಚೆಲ್ಲುತ್ತಾರೇನಮ್ಮ?’

ಮಗ ನಕ್ಕ. ಸೊಸೆ ನಗಲಿಲ್ಲ.
ಅವಳೇ ಮೆಲ್ಲಗೆ ನನಗೆ ಹೇಳಿದ್ದು:
ಅತ್ತೆಯ ಇಬ್ಬರು ತಮ್ಮಂದಿರು, ಒಂದೇ ಲಾರಿ,
ರುಶಾನ್ ದಾಟಿದ ಮೇಲಿನ ತಿರುವು, ಮೇಲಿಂದ ಹಿಮ.
ಒಬ್ಬ ಮಾರನೆಯ ದಿನ ಹೋಗಬೇಕಿತ್ತಂತೆ.
ಜೊತೆಗಿರಲಿ ಅಂತ ಹತ್ತಿಸಿದವಳು ಇವಳೇ.

ಹತ್ತೊಂಬತ್ತು ವರ್ಷ ಈ ಕಿಟಕಿಯ ಹಿಂದೆ
ಎಲ್ಲದಕ್ಕೂ ಉತ್ತರ ಇಟ್ಟುಕೊಂಡವಳು ನಾನು.
ತೂಕಕ್ಕೆ, ತಾರೀಖಿಗೆ, ವಾಂತಿ ಬಂದರೆ ಎಲ್ಲಿ ಮಾಡುವುದು ಅನ್ನುವುದಕ್ಕೆ.
ಉಪ್ಪು ಹಾಕಿದ ಹಾಲುಚಹಾ ಅವಳ ಮುಂದೆ ಸರಿಸಿದೆ,
ಅಷ್ಟೇ. ಹೊರಗೆ ಗುಂಟ್ ಹೊಳೆ ಕಲ್ಲು ಉರುಳಿಸುತ್ತಿತ್ತು.

ಕಿಟಕಿಕಟ್ಟೆಯಿಂದ ಹಿರಿಯ ಹುಡುಗ:
‘ಅಜ್ಜಿ, ಎರಡಾದರೆ ನೀನು ಯಾವುದರಲ್ಲಿ?’
ಅವಳು ಬೆರಳು ಮಡಿಸಿ ಎಣಿಸಿದಳು,
ಆ ಕಡೆ ನಾಲ್ಕು, ಈ ಕಡೆ ನಾಲ್ಕು,
ಬಿಚ್ಚಿ ಮತ್ತೆ ಎಣಿಸಿದಳು.
ಯಾರನ್ನು ಯಾವ ಕೈಗೆ ಹಾಕಿದರೂ
ಇನ್ನೊಂದು ಕೈ ಬರಿದಾಗಿ ಕಂಡಿತೋ ಏನೋ,
ಎರಡನ್ನೂ ಸೆರಗಿನೊಳಗೆ ಎಳೆದುಕೊಂಡಳು.

‘ಒಂದೇ ಬರಿ. ನನ್ನ ಹೆಸರು ಕೊನೆಗೆ.
ಜಾಗ ಸಾಲದಿದ್ದರೆ ಅಳಿಸಲು ಸುಲಭ.’

ಕೊನೆಗೇ ಬರೆದೆ. ಬಾಲವಿಲ್ಲದ ಹೆಸರು, ಅಕ್ಷರ ಮೂರು ಸಲ ನೋಡಿ.
ಕಿಟಕಿ ಬೇಕೇ ಎಂದೆ.
‘ಆ ತಿರುವು ಯಾವ ಕಡೆಗೆ ಕಾಣುತ್ತದೆ?’

ಮೇಲಿಂದ ರಸ್ತೆ ಕಾಣುವುದೋ, ಹಿಮವೊಂದೇ ಕಾಣುವುದೋ,
ನಾನು ಎಂದೂ ಆ ಪ್ರಶ್ನೆ ಹೊತ್ತು ಹಾರಿದವಳಲ್ಲ.
ಎಡಗಡೆ ಎಂದೆ.
ಎಡಗಡೆಯದೇ ಕೊಟ್ಟೆ.

ಹಾಂ, ಎರಡು ಗಂಟೆ ಮುಂಚೆ ಬನ್ನಿ.
ಮಗುವಿಗೆ ಹತ್ತುವ ಮೊದಲು ತಿನ್ನಿಸಬೇಡಿ.