ಬಾಗಿಲಿಗಿಟ್ಟ ಕಲ್ಲು

ಭೂಗರ್ಭಶಾಸ್ತ್ರದ ಬೀರುವಿನ ಕೀ ನನ್ನ ಸೊಂಟದಲ್ಲಿ.
ಹಾಸನದ ಈ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ
ಕಲ್ಲು ಒರೆಸಿದ್ದೇನೆ.

ನಸೀಮಾ ಮೇಡಂ ಅನ್ನುತ್ತಾರೆ: ಮೇಲಿಂದ ಬಿತ್ತು.
ಬೆಟ್ಟದಂಥ ಬಂಡೆ, ಒಂದು ಮಧ್ಯಾಹ್ನ.
ಆಮೇಲೆ ಎಷ್ಟೋ ಕಾಲ ಮಧ್ಯಾಹ್ನವೇ ಇಲ್ಲ.
ತೋಂಟದಾರ್ಯ ಮೇಷ್ಟ್ರು ಟೀ ಲೋಟ ಕುಕ್ಕುತ್ತಾರೆ:
ಅಲ್ಲ, ಕೆಳಗಿಂದ ಉಕ್ಕಿತು,
ಬೆಳಗಾವಿಯಾಚೆ ನೆಲ ಬಾಯಿಬಿಟ್ಟು
ಲಾವಾ ಮೇಲೆ ಲಾವಾ, ಹೊಗೆ ಮೇಲೆ ಹೊಗೆ;
ನಿಮ್ಮ ಬಂಡೆ ಬೀಳೋ ಹೊತ್ತಿಗೆ
ಅರ್ಧ ಸತ್ತಿದ್ವು ಕಣ್ರೀ!

ಇಬ್ಬರ ಸಾಕ್ಷಿಯನ್ನೂ ನಾನೇ ತಂದಿಡಬೇಕು.
ಅವರದು ಬೆರಳಗಲ ಜೇಡಿ, ಡಬ್ಬಿಯಲ್ಲಿ, ಹತ್ತಿಯ ಮೇಲೆ.
ಇವರದು ಎರಡು ಕೈಯಲ್ಲಿ ಎತ್ತುವ ಕರಿಕಲ್ಲು.
ತೂಕದಲ್ಲಿ ತೀರುವ ನ್ಯಾಯವಾಗಿದ್ದರೆ
ಎಂದೋ ತೀರುತ್ತಿತ್ತು.

ಶಾಂತಿಗ್ರಾಮದಲ್ಲಿ ಭಾವನ ಆಲೂಗಡ್ಡೆ ಹೊಲ
ರಾತ್ರಿ ಕಳೆಯುವುದರೊಳಗೆ ಕಪ್ಪಾದಾಗಲೂ ಹೀಗೇ:
ಮಂಜು ಅಂದರು, ಬೀಜ ಅಂದರು, ಅಂಗಮಾರಿ ಅಂದರು.
ಅಕ್ಕ ಮಾತ್ರ,
"ಹೋದ ವಾರವೇ ಎಲೆ ಮುದುಡಿತ್ತು, ಯಾರು ನೋಡಿದ್ರಿ?"

ಇದನ್ನು ಹೇಳಿದೆ. ಮೇಷ್ಟ್ರು ಹಿಗ್ಗಿದರು.
ಮೇಡಂ ಕನ್ನಡಕ ಒರೆಸುತ್ತಾ,
"ಕಪ್ಪಾದದ್ದು ಒಂದೇ ರಾತ್ರಿ ತಾನೆ, ದ್ಯಾವಯ್ಯ?"

ಆಮೇಲೆ ನಾನು ಬಾಯಿ ಹಾಕಿಲ್ಲ.

ಐದೂವರೆಗೆ ಇಬ್ಬರೂ ವಾದಿಸುತ್ತಲೇ
ಬಸ್ ಸ್ಟಾಪಿನ ಕಡೆ ಇಳಿಯುತ್ತಾರೆ.
ಬಾಗಿಲಿಗೆ ಒತ್ತುಕೊಟ್ಟ ಕಲ್ಲು ಸರಿಸುತ್ತೇನೆ.
ಹೊಳೆನರಸೀಪುರದ ದಾರಿಯಲ್ಲಿ ಸಿಕ್ಕಿದ್ದು,
ಮುನ್ನೂರು ಕೋಟಿ ವರ್ಷ ಅಂತೆ.
ಅದೆಲ್ಲ ಆದಾಗ ಇಲ್ಲೇ ಎಲ್ಲೋ ಇತ್ತು.
ಲೇಬಲ್ಲಿಲ್ಲ, ಬೀರುವಿನಲ್ಲಿ ಜಾಗವಿಲ್ಲ,
ಸಾಕ್ಷಿಗೆ ಯಾರೂ ಕರೆದಿಲ್ಲ.

ಕತ್ತಲಲ್ಲಿ ಕೆಲವೊಮ್ಮೆ
ನನ್ನ ಹೆಬ್ಬೆರಳಿಗೆ ಬಡಿಯುತ್ತದೆ.