ಉಪನ್ಯಾಸಕರ ಗಮನಕ್ಕೆ

ಮಾನ್ಯರೇ,
ತಮ್ಮ ವಿಷಯವನ್ನು ಹದಿನೈದು ದಿನ ಮೊದಲೇ ತಿಳಿಸತಕ್ಕದ್ದು.
ಆಮೇಲೆ ಬದಲಿಸುವಂತಿಲ್ಲ, ಬ್ಯಾನರು ಅಚ್ಚಾಗಿರುತ್ತದೆ.
ಮಾತು ನಲವತ್ತು ನಿಮಿಷ.
ಸಭಿಕರು ಐವತ್ತಕ್ಕೆ ಕಡಿಮೆ ಇರಕೂಡದು, ಸಹಿ ಸಮೇತ.
ಟಿಕೇಟು ಅಂಟಿಸಿದರೆ ಮಾತ್ರ ಬಸ್ಸಿನ ದುಡ್ಡು,
ಅದೂ ಗೋಂದಿನಿಂದ. ಪಿನ್ನು ಬೇಡ.
ಹೋದ ಸಲ ಮುಧೋಳದವರೊಬ್ಬರ ಪಿನ್ನು
ಆಡಿಟಿನವರ ಬೆರಳಿಗೆ ಚುಚ್ಚಿ
ಒಂದು ವಾರ ಫೈಲು ಕುಂಟಿತು.

ಇಷ್ಟು ಟೈಪು ಮಾಡುವುದರೊಳಗೆ ಕರೆಂಟು ಹೋಯಿತು.
ನವನಗರದ ಮಧ್ಯಾಹ್ನ. ಬೀದಿಗೆ ಹೆಸರಿಲ್ಲದ,
ಸೆಕ್ಟರಿಗೆ ನಂಬರು ಮಾತ್ರ ಇರುವ ಊರು.
ಹಳೇ ಬಾಗಲಕೋಟೆಯ ನಮ್ಮ ಬಾಗಿಲ ನಂಬರು
ನೀರಿಗೆ ಹೋದ ಮೇಲೂ ಉಳಿದಿದೆ,
ನನ್ನ ಫೋನಿನ ಲಾಕಿನಲ್ಲಿ.
ಕೈ ಸುಮ್ಮನಿರಲಿಲ್ಲ. ರದ್ದಿ ಹಾಳೆಯ ಬೆನ್ನಿಗೆ ಬರೆದೆ,
ಇದು ತಮಗೆ ಕಳಿಸುವುದಲ್ಲ:

ಬೀಳಗಿಯಲ್ಲಿ ಹುಸೇನಸಾಬ ನದಾಫ ಸರ್ ಮಾತಾಡಿದ ದಿನ
ಲಗ್ನದ ಮುಹೂರ್ತ. ಊರೆಲ್ಲ ಊಟದ ಪಂಕ್ತಿಯಲ್ಲಿ.
ಸಹಿ ಬಿದ್ದದ್ದು ಒಂಬತ್ತು.
ಒಬ್ಬ ಮೈಕಿನವ, ಒಬ್ಬ ಬಸ್ಸು ತಪ್ಪಿಸಿಕೊಂಡವ,
ಎಂಟನೆಯದು ಯಾರದೋ ಗೀಚು,
ಒಂಬತ್ತನೆಯದು ನೀಲಿ ಹೆಬ್ಬೆಟ್ಟು.
ದುರಗವ್ವ, ಸಭಾಭವನದ ಕಸ ಗುಡಿಸುವಾಕಿ.

ಅದೇ ತಿಂಗಳು ಇನ್ನೊಬ್ಬರ ಹಾಳೆಯಲ್ಲಿ ನೂರಾ ಹನ್ನೆರಡು,
ಒಂದೇ ಪೆನ್ನು, ಒಂದೇ ಓರೆ,
ಅರವತ್ತರ ಆಸುಪಾಸು ಕೈ ಸೋತದ್ದೂ ಕಾಣುತ್ತಿತ್ತು.
ನೂರಾ ಹನ್ನೆರಡನ್ನು ಪಾಸು ಮಾಡಿದವಳು ನಾನೇ.
ಒಂಬತ್ತಕ್ಕೆ ಆಕ್ಷೇಪಣೆ ಬರೆದವಳೂ ನಾನೇ,
ದುಂಡಗೆ. ನನ್ನ ಅಕ್ಷರ ಚಂದ ಎಂದು
ಸಾಹೇಬರು ಆಗಾಗ ಹೇಳುತ್ತಾರೆ.

ಸರ್ ಬಂದರು. ಜಗಳ ತೆಗೆಯಲಿಲ್ಲ.
‘ಇನ್ನ ನಲವತ್ತೊಂದು ಹೆಸರು ತುಂಬಿ ಕೊಟ್ಟುಬಿಡ್ರಿ ಸರ್,
ಯಾರ್ ನೋಡ್ತಾರ’ ಅಂದೆ.
ಅವರು ಕನ್ನಡಕ ಒರೆಸಿದರು, ಬಹಳ ಹೊತ್ತು.
‘ಮೂವತ್ತು ವರ್ಷ ಹಕ್ಕಿ ಎಣಿಸೀನವ್ವಾ,
ಇಲ್ಲದ್ದು ಬರಿಯಾಕ ಕೈಗೆ ರೂಢಿ ಇಲ್ಲ.’
ಟಿಕೇಟಿನ ದುಡ್ಡೂ ಕೇಳದೆ ಮೆಟ್ಟಿಲಿಳಿದರು.

ಆಮೇಲೆ ಹಾಳೆ ತಿರುವಿದೆ.
ವಿಷಯ: ಹಿನ್ನೀರಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು.
ಹಿಮಾಲಯ ದಾಟಿ ಬರುತ್ತವಂತೆ,
ಯಾವ ಟಿಕೇಟೂ ಅಂಟಿಸದೆ.
ಅದರಡಿ ಪೆನ್ಸಿಲಿನಲ್ಲಿ, ದುರಗವ್ವ ಕೇಳಿದ್ದು:
‘ನೀವು ತೋರಿಸಿದ ಫೋಟೋದಾಗ ಹಕ್ಕಿ ಕುಂತೈತಲ್ರಿ,
ಅರ್ಧ ಮುಳುಗಿದ ಗ್ವಾಡಿ ಮ್ಯಾಲ,
ಅದು ನಮ್ಮ ದನ ಕಟ್ಟೂ ಜಾಗ.
ಹಕ್ಕಿಗೆ ಗೊತ್ತೈತೇನ್ರಿ?’

ಉತ್ತರದ ಸಾಲು ಖಾಲಿ.
ಆದರೆ ಆರಕ್ಕೆ ಶುರುವಾದ ನಲವತ್ತು ನಿಮಿಷದ ಸಭೆಗೆ
ಕೀಲಿ ಬಿದ್ದದ್ದು ಒಂಬತ್ತಕ್ಕೆ,
ಮೈಕಿನವನ ಬಿಲ್ಲಿನಲ್ಲಿದೆ.
ಅಷ್ಟು ಹೊತ್ತು ಒಂಬತ್ತು ಮಂದಿ ಏನು ಮಾತಾಡಿದರೋ
ಬರೆಯಲು ನಮ್ಮ ನಮೂನೆಯಲ್ಲಿ ಜಾಗವಿರಲಿಲ್ಲ.

ಕರೆಂಟು ಬಂತು. ಫ್ಯಾನು ಹಾಳೆಗಳನ್ನು ಎಬ್ಬಿಸಿತು.
ನಾನು ಹದಿಮೂರನೆಯ ಕಾಲಮಿನ ಕೆಳಗೆ
ಒಂದು ಗೆರೆ ಎಳೆದೆ.
‘ಇದೇನವಾ ಹೊಸಾದು?’ ಅಂದರು ಸಾಹೇಬರು.
‘ಆಡಿಟಿಗ್ರಿ’ ಅಂದೆ.
ಆಡಿಟು ಎಂದರೆ ಅವರು ಓದುವುದಿಲ್ಲ, ಸಹಿ ಮಾಡುತ್ತಾರೆ.

ನದಾಫ ಸರ್ ಫೈಲು ಇನ್ನೂ ನನ್ನ ಡ್ರಾದಲ್ಲಿದೆ,
ದಿನಾ ಟಿಫಿನ್ ಡಬ್ಬಿ ತೆಗೆಯುವಾಗ ಕೈಗೆ ತಾಗುತ್ತದೆ.
ಉಳಿದವರ ಗಮನಕ್ಕೆ:

ಕಾಲಂ ಹದಿನಾಲ್ಕು.
ಸಭೆಯಲ್ಲಿ ಯಾರಾದರೂ ಕೇಳಿದ ಒಂದು ಪ್ರಶ್ನೆಯನ್ನು
ಕೇಳಿದವರ ಮಾತಿನಲ್ಲೇ ಬರೆಯತಕ್ಕದ್ದು.
ಖಾಲಿ ಬಿಟ್ಟರೆ ಬಿಲ್ಲು ಪಾಸಾಗುವುದಿಲ್ಲ.
ಉತ್ತರ ಕಡ್ಡಾಯವಲ್ಲ.